ಹೊಸ ಬ್ಲಾಗನ್ನು ಗೂಗಲ್ ಕಣ್ಣಿಗೆ ಬೀಳಿಸಿದ್ದು: ಹಾಸನದಿಂದ ನನ್ನ ಅನುಭವ

ಹಾಸನ ಜಿಲ್ಲೆಯ ಹೊಯ್ಸಳ ದೇವಸ್ಥಾನ ಅಂತ ಹುಡುಕಿದರೆ ಬೇಲೂರು, ಹಳೇಬೀಡು ಬರುತ್ತವೆ. 2023ರಲ್ಲಿ ಸೋಮನಾಥಪುರದ ಜೊತೆಗೆ ಇವೂ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲಂತೂ ಪುಟಗಟ್ಟಲೆ ಬರುತ್ತವೆ. ತುಂಬಾ ಸಂತೋಷದ ವಿಷಯ. ಆದರೆ ದೊಡ್ಡಗದ್ದವಳ್ಳಿ, ಮೊಸಳೆ, ಕೋರವಂಗಲ, ಹಾರನಹಳ್ಳಿ, ಜಾವಗಲ್ ಬಗ್ಗೆ ಕನ್ನಡದಲ್ಲಿ ಹುಡುಕಿ ನೋಡಿ. ಸಿಗುವುದು ಎಲ್ಲ ಕಡೆ ಅವೇ ನಾಲ್ಕು ಸಾಲು. ನಮ್ಮ ಸುತ್ತಲಿನ ಈ ಸಣ್ಣ ಊರುಗಳ ಗುಡಿಗಳ ಬಗ್ಗೆ ಕನ್ನಡದಲ್ಲೇ ಬರೆಯಬೇಕು ಅಂತ ನಾನು ಒಂದು ಬ್ಲಾಗ್ ಶುರು ಮಾಡಿದೆ. ಸ್ವಂತ ಡೊಮೇನ್ (ಸೈಟ್‌ನ ವಿಳಾಸ), ಸೈಟ್ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶ, ಸೈಟ್ ಇಡಲು ಸಾಧಾರಣ ಹೋಸ್ಟಿಂಗ್. ಬರೆದದ್ದನ್ನು ಗೂಗಲ್ ಇಂಡೆಕ್ಸ್ ಮಾಡಿಕೊಳ್ಳುವಂತೆ, ಅಂದರೆ ತನ್ನ ಹುಡುಕಾಟದ ಸಂಗ್ರಹಕ್ಕೆ ಸೇರಿಸಿಕೊಳ್ಳುವಂತೆ, ಏನೇನು ಮಾಡಿದೆ, ಅದರಲ್ಲಿ ಯಾವುದು ನಿಜವಾಗಿ ಕೆಲಸಕ್ಕೆ ಬಂತು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಕನ್ನಡದಲ್ಲಿ ಹೊಸದಾಗಿ ಸೈಟ್ ಮಾಡುವವರಿಗೆ ಇದು ಉಪಯೋಗವಾಗಲಿ.

ಒಂದು ವಿಷಯ ಮೊದಲೇ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಗೂಗಲ್ ನಿಮ್ಮ ಪುಟವನ್ನು ಓದುವುದು ಬೇರೆ, ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳುವುದು ಬೇರೆ, ಯಾರೋ ಹುಡುಕಿದಾಗ ಮೇಲೆ ತೋರಿಸುವುದು ಬೇರೆ. ಪುಟಗಳನ್ನು ಓದಲು ಗೂಗಲ್ ಕಳಿಸುವ ತಂತ್ರಾಂಶ ಗೂಗಲ್‌ಬಾಟ್ ಬಂದು ಪುಟ ಓದಿದರೆ ಅದು ಕ್ರಾಲ್. ಓದಿದ್ದನ್ನು ಇಟ್ಟುಕೊಂಡರೆ ಇಂಡೆಕ್ಸ್. ಓದಿದ್ದನ್ನೆಲ್ಲ ಇಟ್ಟುಕೊಳ್ಳುತ್ತೇವೆ ಅಂತ ಗೂಗಲ್ ಯಾರಿಗೂ ಮಾತು ಕೊಟ್ಟಿಲ್ಲ. ತನ್ನ ಮಾರ್ಗಸೂಚಿಯಲ್ಲಿ ಅದನ್ನು ಸ್ಪಷ್ಟವಾಗಿಯೇ ಬರೆದಿದೆ. ಹಾಗಾಗಿ ನಮ್ಮ ಪುಟ ಎಲ್ಲಿ ನಿಂತಿದೆ ಅಂತ ಗೊತ್ತಿಲ್ಲದೆ ಸುಮ್ನೆ ಏನೇನೋ ಮಾಡುತ್ತಾ ಹೋಗಬಾರದು.

ಬಾಗಿಲು ತೆರೆದಿದೆಯೇ ಅಂತ ಮೊದಲು ನೋಡಿಕೊಂಡೆ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅನ್ನುವ ಭಾಗ ಇದೆ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಇಂಡೆಕ್ಸ್ ಮಾಡದಿರಲಿ ಅನ್ನುವ ಒಂದು ಟಿಕ್ ಬಾಕ್ಸ್ ಅಲ್ಲಿದೆ. ಸೈಟ್ ಕಟ್ಟುವಾಗ ಡಿಸೈನ್ ಮಾಡಿಕೊಡುವವರು ಇದನ್ನು ಟಿಕ್ ಮಾಡಿಟ್ಟಿರುವುದುಂಟು. ಅದು ಹಾಗೇ ಉಳಿದರೆ ಪ್ರತಿ ಪುಟದಲ್ಲೂ ನೋಇಂಡೆಕ್ಸ್ ಅನ್ನುವ ಸೂಚನೆ ಇರುತ್ತದೆ, ಮುಂದಿನ ಕೆಲಸ ಎಲ್ಲ ವ್ಯರ್ಥ. ಗೂಗಲ್‌ನ ಬ್ಲಾಗರ್ ಬಳಸುವವರಿಗೂ ಪ್ರೈವಸಿ ಭಾಗದಲ್ಲಿ ಇಂಥದ್ದೇ ಒಂದು ಸ್ವಿಚ್ ಇದೆ. ಬಾಟ್‌ಗಳು ಸೈಟ್‌ನ ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಅಂತ ಹೇಳುವ ರೋಬಾಟ್ಸ್ ಫೈಲನ್ನೂ ತೆರೆದು ನೋಡಿ. ಆ ಫೈಲ್‌ನಲ್ಲಿ ತಡೆದರೆ ಗೂಗಲ್ ಪುಟದ ಒಳಗೆ ಬರುವುದಿಲ್ಲ ಅಷ್ಟೆ. ಒಳಗೆ ಬರದಿದ್ದರೆ ಅಲ್ಲಿರುವ ನೋಇಂಡೆಕ್ಸ್ ಸೂಚನೆಯೂ ಅದಕ್ಕೆ ಕಾಣುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಿ ಗೊಂದಲ ಮಾಡಿಕೊಂಡ ಸೈಟ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್, ಅಂದರೆ ನಮ್ಮ ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್‌ನದೇ ಸೇವೆ. ಇದು ಉಚಿತ, ಇದಿಲ್ಲದೆ ಕೆಲಸ ಮಾಡುವುದೇ ಬೇಡ. ಡೊಮೇನ್ ನಮ್ಮದು ಅಂತ ತೋರಿಸಲು ಡೊಮೇನ್ ಕೊಂಡ ಕಡೆ ಲಾಗಿನ್ ಆಗಿ, ಡಿಎನ್ಎಸ್‌ನಲ್ಲಿ (ಡೊಮೇನ್‌ನ ದಾಖಲೆಗಳಿರುವ ಜಾಗ) ಗೂಗಲ್ ಕೊಟ್ಟ ಒಂದು ಟಿಎಕ್ಸ್‌ಟಿ ಸಾಲನ್ನು, ಅಂದರೆ ಗುರುತಿನ ಬರಹವನ್ನು, ಸೇರಿಸಿದೆ. ಈ ದಾರಿಯಲ್ಲಿ ಹೋದರೆ ಮುಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸ, ಇಲ್ಲದ ವಿಳಾಸ ಎಲ್ಲವೂ ಒಂದೇ ಕಡೆ ಕಾಣುತ್ತವೆ. ಸೈಟ್‌ನ ಪುಟಗಳ ವಿಳಾಸದ ಪಟ್ಟಿಯಾದ ಸೈಟ್‌ಮ್ಯಾಪ್‌ಗೆ ಬೇರೆ ಪ್ಲಗಿನ್ (ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಬೇಕಾಗಲಿಲ್ಲ. 2020ರಲ್ಲಿ ಬಂದ ವರ್ಡ್‌ಪ್ರೆಸ್ 5.5ರಿಂದ ಅದು ತಾನಾಗೇ ತಯಾರಾಗುತ್ತದೆ. ಅದರ ವಿಳಾಸವನ್ನು ಕನ್ಸೋಲ್‌ನಲ್ಲಿ ಒಮ್ಮೆ ಕೊಟ್ಟರೆ ಸಾಕು. ಹೊಸ ಪೋಸ್ಟ್ ಹಾಕಿದಾಗಲೆಲ್ಲ ಗೂಗಲ್‌ಗೆ ಪಿಂಗ್ ಮಾಡಿ (ಸುದ್ದಿ ಮುಟ್ಟಿಸಿ) ಅಂತ ಹಳೇ ವಿಡಿಯೊಗಳಲ್ಲಿ ಹೇಳುತ್ತಾರೆ. ಆ ವ್ಯವಸ್ಥೆಯನ್ನು ನಿಲ್ಲಿಸುವುದಾಗಿ ಗೂಗಲ್ 2023ರಲ್ಲೇ ಹೇಳಿತು.

ಮುಖಪುಟ ಬೇಗ ಬಂತು. ಒಳಗಿನ ಪುಟಗಳು ಬರಲಿಲ್ಲ. ಕಾರಣ ಹುಡುಕಲು ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಒಂದು ಪುಟದ ವಿಳಾಸ ಹಾಕಿ ಲೈವ್ ಟೆಸ್ಟ್ ಕೊಟ್ಟೆ. ಗೂಗಲ್‌ಬಾಟ್‌ಗೆ 403, ಅಂದರೆ ಪ್ರವೇಶ ಇಲ್ಲ ಅನ್ನುವ ಉತ್ತರ, ಸಿಗುತ್ತಿತ್ತು. ನಮ್ಮ ಮೊಬೈಲ್‌ನಲ್ಲಿ ಚೆನ್ನಾಗಿ ತೆರೆಯುವ ಪುಟ ಗೂಗಲ್‌ಗೆ ಮಾತ್ರ ತೆರೆಯುತ್ತಿರಲಿಲ್ಲ. ಹೋಸ್ಟಿಂಗ್‌ನವರ ಫೈರ್‌ವಾಲ್ (ರಕ್ಷಣೆಯ ತಡೆಗೋಡೆ) ಬಾಟ್‌ಗಳನ್ನು ಒಟ್ಟಾರೆ ತಡೆಯುತ್ತಿತ್ತು. ಟೆಸ್ಟ್‌ನ ಸ್ಕ್ರೀನ್‌ಶಾಟ್ ಜೊತೆ ಅವರಿಗೆ ಟಿಕೆಟ್ (ದೂರು) ಹಾಕಿದ ಮೇಲೆ ಸರಿ ಮಾಡಿಕೊಟ್ಟರು. ಕಡಿಮೆ ದುಡ್ಡಿನ ಹೋಸ್ಟಿಂಗ್ ತೆಗೆದುಕೊಂಡವರು ಈ ಟೆಸ್ಟನ್ನು ಮೊದಲ ದಿನವೇ ಮಾಡಿ.

ಇಲ್ಲಿಂದ ಮುಂದೆ ಹೇಳುವುದು ಕನ್ನಡದಲ್ಲಿ ಬರೆಯುವವರಿಗೇ ವಿಶೇಷವಾಗಿ ಬೇಕಾದದ್ದು. ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗುವುದಿಲ್ಲ.

ಅರಸೀಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೇ ಲೇಖನಗಳನ್ನು ನನಗೆ ಕೊಟ್ಟರು. ಶಾಸನಗಳ ಬಗ್ಗೆ ಅಷ್ಟು ಪ್ರೀತಿಯಿಂದ ಬರೆದವರು ಕಡಿಮೆ. ಎಲ್ಲವೂ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು.

"ಸಾರ್, ಇದನ್ನ ಹಾಗೇ ಹಾಕಿದ್ರೆ ಗೂಗಲ್ ಓದಕ್ಕಾಗಲ್ಲ" ಅಂದೆ.

"ಯಾಕಪ್ಪಾ, ನನ್ನ ಕಂಪ್ಯೂಟರಲ್ಲಿ ಕನ್ನಡ ಚೆನ್ನಾಗೇ ಕಾಣ್ತಿದೆಯಲ್ಲ?" ಅಂದರು.

ಫಾಂಟ್ ಬದಲಿಸಿ ತೋರಿಸಿದೆ. ಇಡೀ ಲೇಖನ ಇಂಗ್ಲಿಷ್ ಅಕ್ಷರ, ಚುಕ್ಕೆ, ಚಿಹ್ನೆಗಳ ರಾಶಿಯಾಯಿತು. ಆ ಹಳೇ ಫಾಂಟ್‌ಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದರ ಮೇಲೆ ಕನ್ನಡದ ಆಕಾರ ಕೂರಿಸಿರುತ್ತಾರೆ. ನಮ್ಮ ಕಣ್ಣಿಗೆ ಆಕಾರ ಕಾಣುತ್ತದೆ, ಸರ್ಚ್ ಎಂಜಿನ್ ಓದುವುದು ಸಂಕೇತವನ್ನು. ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಇದ್ದರೆ ಮಾತ್ರ ಅದಕ್ಕೆ ಕನ್ನಡ ಕನ್ನಡವಾಗಿ ಸಿಗುತ್ತದೆ. ಪರಿವರ್ತಕದಲ್ಲಿ ಹಾಕಿ ಎಲ್ಲವನ್ನೂ ಯೂನಿಕೋಡ್‌ಗೆ ತಂದೆ. ಆದರೆ ಹಾಗೇ ಪಬ್ಲಿಷ್ ಮಾಡುವ ಹಾಗಿಲ್ಲ. ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹೋಗಿರುತ್ತದೆ, ಕೆಲವು ದೀರ್ಘ ಬಿಟ್ಟುಹೋಗಿರುತ್ತವೆ. ಮೇಷ್ಟ್ರು ಪಕ್ಕದಲ್ಲೇ ಕೂತು ಸಾಲು ಸಾಲು ಓದಿದರು, ನಾನು ತಿದ್ದಿದೆ. ಆ ಪುಟಗಳೇ ನನ್ನ ಸೈಟ್‌ನಲ್ಲಿ ಎಲ್ಲಕ್ಕಿಂತ ಸಲೀಸಾಗಿ ಇಂಡೆಕ್ಸ್ ಆದವು. ಅಂಥ ಬರಹ ಬೇರೆ ಎಲ್ಲೂ ಇರಲಿಲ್ಲವಲ್ಲ.

ಚಿತ್ರದೊಳಗೆ ಬರೆದ ಕನ್ನಡದ ಕಥೆಯೂ ಸ್ವಲ್ಪ ಹೀಗೇ. ಜಾತ್ರೆಯ ಕರಪತ್ರ, ದೇವಸ್ಥಾನದ ಮುಂದಿನ ಮಾಹಿತಿ ಫಲಕ, ಇವುಗಳ ಫೋಟೊ ಹಾಕಿ ಪೋಸ್ಟ್ ಆಯಿತು ಅಂದುಕೊಳ್ಳುವವರು ಬಹಳ. ಚಿತ್ರದಲ್ಲಿರುವ ಅಕ್ಷರವನ್ನು ಗೂಗಲ್ ಓದಿಕೊಳ್ಳುತ್ತದೆ ಅಂತ ನಂಬಿ ಕೂರಬಾರದು. ನಾನು ಫೋಟೊ ಹಾಕುತ್ತೇನೆ, ಅದರಲ್ಲಿರುವುದನ್ನು ಕೆಳಗೆ ಟೈಪ್ ಕೂಡ ಮಾಡುತ್ತೇನೆ.

ಇನ್ನು ಪೋಸ್ಟ್‌ನ ವಿಳಾಸ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಒಳಗೆ ಮಾತ್ರ ಕನ್ನಡದ ಒಂದೊಂದು ಅಕ್ಷರವೂ, ಒಂದೊಂದು ಒತ್ತು, ಗುಣಿತದ ಚಿಹ್ನೆಯೂ ಶೇಕಡಾ ಗುರುತು ಸೇರಿದ 9 ಚಿಹ್ನೆಗಳಾಗುತ್ತವೆ. ವರ್ಡ್‌ಪ್ರೆಸ್ ಈ ಭಾಗಕ್ಕೆ ಕೊಡುವ ಜಾಗ 200 ಚಿಹ್ನೆ. ದೊಡ್ಡಗದ್ದವಳ್ಳಿ ಅನ್ನುವ ಹೆಸರೊಂದೇ 126 ತಿನ್ನುತ್ತದೆ. "ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಸ್ಥಾನ" ಅಂತ ಶೀರ್ಷಿಕೆ ಕೊಟ್ಟರೆ ವಿಳಾಸ "ಲಕ್ಷ್ಮೀ" ಅನ್ನುವಲ್ಲಿಗೇ ಮುಗಿದುಹೋಗುತ್ತದೆ. ಗೂಗಲ್‌ಗೆ ಇದರಿಂದ ತೊಂದರೆ ಇಲ್ಲ, ಕನ್ನಡ ವಿಳಾಸವನ್ನು ಅದು ಒಪ್ಪುತ್ತದೆ. ಆದರೆ ಯಾರಾದರೂ ಕಾಪಿ ಮಾಡಿ ಕಳಿಸಿದರೆ ಒಂದು ಮಾರುದ್ದ ಶೇಕಡಾ ಗುರುತುಗಳು ಬರುತ್ತವೆ, ನೋಡಿದವರು ವೈರಸ್ ಅಂತ ಹೆದರುತ್ತಾರೆ. ಅದಕ್ಕೇ ಶೀರ್ಷಿಕೆ ಕನ್ನಡದಲ್ಲಿ, ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಟ್ಟೆ. ಪಬ್ಲಿಷ್ ಮಾಡುವ ಮೊದಲೇ ಇದನ್ನು ತೀರ್ಮಾನಿಸಿ. ಆಮೇಲೆ ಬದಲಿಸಿದರೆ ಗೂಗಲ್‌ಗೆ ಅದು ಹೊಸ ಪುಟವೇ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ರೀಡೈರೆಕ್ಟ್ ಇರಬೇಕಾಗುತ್ತದೆ.

ಶೀರ್ಷಿಕೆಯಲ್ಲಿ ಊರಿನ ಹೆಸರೊಂದೇ ಇದ್ದರೂ ಸಾಲದು. ಮೊಸಳೆ ಅಂತ ಹುಡುಕಿದರೆ ನೀರಿನ ಮೊಸಳೆಯೇ ಬರುವುದು. "ಮೊಸಳೆ ಗ್ರಾಮದ ನಾಗೇಶ್ವರ, ಚೆನ್ನಕೇಶವ ದೇವಸ್ಥಾನಗಳು, ಹಾಸನ" ಅಂತ ಪೂರ್ತಿ ಬರೆದೆ.

ಇಷ್ಟೆಲ್ಲ ಆದ ಮೇಲೂ ಕನ್ಸೋಲ್‌ನ ಪೇಜಸ್ ವರದಿಯಲ್ಲಿ ಎರಡು ಸಾಲು ಉಳಿದೇ ಇದ್ದವು. ಒಂದು "ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್". ಅಂದರೆ ವಿಳಾಸ ಗೊತ್ತಾಗಿದೆ, ಇನ್ನೂ ಬಂದು ಓದಿಲ್ಲ. ಇನ್ನೊಂದು "ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್". ಬಂದು ಓದಿದೆ, ಆದರೆ ಇಟ್ಟುಕೊಂಡಿಲ್ಲ. ಇವೆರಡಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದಕ್ಕೆ ದಾರಿ ಬೇಕು. ಗೂಗಲ್‌ಬಾಟ್ ಲಿಂಕ್ ಹಿಡಿದು ನಡೆಯುತ್ತದೆ. ಸೈಟ್‌ಮ್ಯಾಪ್‌ನಲ್ಲಿ ವಿಳಾಸ ಇದ್ದರೂ, ಸೈಟ್‌ನ ಒಳಗಿನ ಯಾವ ಪುಟದಿಂದಲೂ ಲಿಂಕ್ ಇಲ್ಲದ ಪೋಸ್ಟ್ ಮುಖ್ಯವಾದದ್ದು ಅಂತ ಅದಕ್ಕೆ ಅನ್ನಿಸುವುದಿಲ್ಲ. ನಾನು ರಸ್ತೆಗೊಂದು ಪುಟ ಮಾಡಿದೆ. ಹಾಸನ-ಬೇಲೂರು ರಸ್ತೆಯ ಪುಟದಲ್ಲಿ ದೊಡ್ಡಗದ್ದವಳ್ಳಿ, ಬೇಲೂರು, ಅಲ್ಲಿಂದ ಹಳೇಬೀಡು, ಜಾವಗಲ್. ಅರಸೀಕೆರೆ ಕಡೆಯ ಪುಟದಲ್ಲಿ ಕೋರವಂಗಲ, ಹಾರನಹಳ್ಳಿ, ಅರಸೀಕೆರೆಯ ಈಶ್ವರ ದೇವಸ್ಥಾನ. ಒಂದೊಂದು ಗುಡಿಯ ಪುಟದ ಕೊನೆಯಲ್ಲೂ ಅದೇ ದಾರಿಯ ಹಿಂದಿನದು, ಮುಂದಿನದು. ಓದುವವರಿಗೆ ಬೇಕಾದದ್ದೂ ಇದೇ ಅಲ್ವಾ? ಆ ರಸ್ತೆ ಪುಟಗಳು ಮುಖಪುಟದ ಮೆನುವಿನಲ್ಲೇ ಇವೆ. ಈ ಪುಟವನ್ನು ಇಂಡೆಕ್ಸ್ ಮಾಡಿ ಅಂತ ಕೇಳುವ ಕನ್ಸೋಲ್‌ನ ರಿಕ್ವೆಸ್ಟ್ ಇಂಡೆಕ್ಸಿಂಗ್ ಗುಂಡಿ ಒತ್ತಿದ್ದು ಈ ರಸ್ತೆ ಪುಟಗಳಿಗೆ ಮಾತ್ರ. ದಿನಕ್ಕೆ ಇಷ್ಟೇ ಅಂತ ಅದಕ್ಕೆ ಮಿತಿ ಇದೆ, ಒಂದೇ ಪುಟಕ್ಕೆ ಮತ್ತೆ ಮತ್ತೆ ಒತ್ತಿದರೆ ಸಾಲಿನಲ್ಲಿ ಮುಂದೆ ಹೋಗುವುದಿಲ್ಲ. ಉಳಿದ ಪುಟಗಳನ್ನು ಅದು ಲಿಂಕ್ ಹಿಡಿದು ತಾನೇ ಹುಡುಕಿಕೊಂಡಿತು.

ಎರಡನೆಯದು ಕಷ್ಟದ್ದು. ಇಲ್ಲಿ ಗುಂಡಿ ಒತ್ತುವುದರಿಂದ ಏನೂ ಆಗುವುದಿಲ್ಲ, ಬರೆಯಬೇಕು. ಕೋರವಂಗಲದ ಪುಟವನ್ನೇ ನೋಡಿ. ಬೂಚೇಶ್ವರ ದೇವಸ್ಥಾನ, 1173, ಎರಡನೇ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದ್ದು. ಇದು ಎಲ್ಲ ಕಡೆ ಇದೆ. ಇಷ್ಟನ್ನೇ ಮತ್ತೆ ಬರೆದರೆ ಗೂಗಲ್ ಯಾಕೆ ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕು? ಮತ್ತೆ ಹೋಗಿ ಬಂದು, ಹೋದವರಿಗೆ ಏನು ಬೇಕೋ ಅದನ್ನು ಬರೆದೆ. ಹಾಸನದಿಂದ ಅರಸೀಕೆರೆ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರ್ ಹೋದರೆ ಊರು. ಒಳಗೆ ಒಂದು ಕಡೆ ಶಿವ, ಎದುರಿಗೆ ಸೂರ್ಯ. ಯಾವ ಗೋಡೆಯಲ್ಲಿ ಯಾವ ಶಿಲ್ಪ, ಬೆಳಕು ಎಲ್ಲಿ ಚೆನ್ನಾಗಿ ಬೀಳುತ್ತದೆ, ಬಾಗಿಲು ಹಾಕಿದ್ದರೆ ಯಾರನ್ನು ಕೇಳಬೇಕು, ವಯಸ್ಸಾದವರು ಎಲ್ಲಿಯವರೆಗೆ ನಡೆಯಬೇಕು. ದೊಡ್ಡಗದ್ದವಳ್ಳಿಯ ಪುಟದಲ್ಲಿ ನಾಲ್ಕು ಗರ್ಭಗುಡಿಗಳ ನಕ್ಷೆ ನಾನೇ ಬರೆದು ಹಾಕಿದೆ. ಕಾಳಿಯ ಗುಡಿಯ ಬಾಗಿಲ ಎರಡೂ ಪಕ್ಕದ ಎಲುಬುಗೂಡಿನ ಬೇತಾಳಗಳನ್ನು ಪಕ್ಕೆಲುಬು ಎಣಿಸುವಷ್ಟು ಹತ್ತಿರದಿಂದ ತೆಗೆದು, ಪ್ರತಿ ಫೋಟೊಗೂ ಆಲ್ಟ್ ಬರಹ (ಚಿತ್ರದಲ್ಲಿ ಏನಿದೆ ಅನ್ನುವ ವಿವರಣೆ) ಕನ್ನಡದಲ್ಲೇ ಕೊಟ್ಟೆ. ಕೆಲವು ವಾರಗಳಲ್ಲಿ ಈ ಪುಟಗಳು ಒಂದೊಂದಾಗಿ "ಇಂಡೆಕ್ಸ್ಡ್" ಕಡೆಗೆ ಬಂದವು. ಅರ್ಧಂಬರ್ಧ ಹತ್ತು ಪುಟಕ್ಕಿಂತ ಹೀಗೆ ಪೂರ್ತಿಯಾಗಿ ಬರೆದ ಎರಡು ಪುಟ ಮೇಲು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಟ್ಯಾಗ್‌ಗಳನ್ನೂ ಕಡಿಮೆ ಮಾಡಿದೆ. ಒಂದೇ ಪೋಸ್ಟ್‌ಗೆ ಹತ್ತು ಟ್ಯಾಗ್ ಹಾಕಿದರೆ ವರ್ಡ್‌ಪ್ರೆಸ್ ಹತ್ತು ಟ್ಯಾಗ್ ಪುಟ ಹುಟ್ಟಿಸುತ್ತದೆ, ಎಲ್ಲದರಲ್ಲೂ ಅದೇ ಪೋಸ್ಟ್. ಗೂಗಲ್‌ಬಾಟ್ ಅವನ್ನು ಓದುತ್ತಾ ಕೂರುವುದು ಯಾಕೆ?

ಹೊರಗಿನ ಲಿಂಕ್ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಎಲ್ಲ ಕಡೆ ಇದೆ. ವಾಟ್ಸಾಪ್ ಗುಂಪುಗಳಲ್ಲಿ ಹಂಚಿದರೆ ಗೂಗಲ್‌ಗೆ ಗೊತ್ತಾಗುತ್ತದೆ ಅಂತ. ಗೊತ್ತಾಗುವುದಿಲ್ಲ, ಆ ಗುಂಪುಗಳ ಒಳಗೆ ಸರ್ಚ್ ಎಂಜಿನ್ ಬರಲಾರದು. ಓದುಗರು ಬರುತ್ತಾರೆ, ಅದಕ್ಕಾಗಿ ಹಂಚಿ. ಲಿಂಕ್ ಬೇಕಾದರೆ ತೆರೆದ ಸೈಟ್‌ಗಳಿಂದ ಬರಬೇಕು. ಸಕಲೇಶಪುರ ಕಡೆ ಹೋಮ್‌ಸ್ಟೇ ನಡೆಸುವ ಪರಿಚಯದವರು ತಮ್ಮ ಸೈಟ್‌ನಲ್ಲಿ "ಸುತ್ತಮುತ್ತ ನೋಡಬೇಕಾದ್ದು" ಅಂತ ಇಟ್ಟಿದ್ದಾರೆ. ಅಲ್ಲಿಗೆ ಬೇಲೂರು ರಸ್ತೆಯ ಪುಟ ಉಪಯೋಗಕ್ಕೆ ಬರುತ್ತದೆ ಅಂತ ಅವರೇ ಸೇರಿಸಿಕೊಂಡರು. ದುಡ್ಡು ಕೊಟ್ಟರೆ ಸಾವಿರ ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ಬರುವ ಲಿಂಕ್), ಒಂದೇ ದಿನದಲ್ಲಿ ಇಂಡೆಕ್ಸ್ ಅಂತ ಫೋನ್ ಮಾಡುವವರಿದ್ದಾರೆ. ದಯವಿಟ್ಟು ಆ ಕಡೆ ಹೋಗಬೇಡಿ. ಶ್ರೇಯಾಂಕಕ್ಕಾಗಿ ಲಿಂಕ್ ಕೊಳ್ಳುವುದನ್ನು ಗೂಗಲ್ ಸ್ಪ್ಯಾಮ್ ಅಂತಲೇ ಪರಿಗಣಿಸುತ್ತದೆ. ಬೇಗ ಇಂಡೆಕ್ಸ್ ಮಾಡಿಸಲು ಅವರು ಹೇಳುವ ಇಂಡೆಕ್ಸಿಂಗ್ ಎಪಿಐ (ತಂತ್ರಾಂಶದಿಂದ ಗೂಗಲ್‌ಗೆ ನೇರವಾಗಿ ತಿಳಿಸುವ ಸೌಲಭ್ಯ) ಅನ್ನು ಗೂಗಲ್ ಕೊಟ್ಟಿರುವುದು ಉದ್ಯೋಗ ಜಾಹೀರಾತು ಮತ್ತು ನೇರ ಪ್ರಸಾರದ ವಿಡಿಯೊ ಪುಟಗಳಿಗೆ. ದೇವಸ್ಥಾನದ ಪುಟಕ್ಕೆ ಅದು ಅಲ್ಲ.

ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್ ಅನ್ನು ಬಿಡಬೇಡಿ. ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ಗೆ ಹೋಗಿ ಸರ್ಚ್ ಕನ್ಸೋಲ್‌ನಿಂದ ಇಂಪೋರ್ಟ್ ಕೊಟ್ಟರೆ ಮತ್ತೆ ಡಿಎನ್ಎಸ್ ಮುಟ್ಟುವ ಅಗತ್ಯವೇ ಇಲ್ಲ. ಡಕ್‌ಡಕ್‌ಗೋ ಅನ್ನುವ ಇನ್ನೊಂದು ಸರ್ಚ್ ಎಂಜಿನ್ ತೋರಿಸುವ ಲಿಂಕ್‌ಗಳೂ ಬಹುಪಾಲು ಬಿಂಗ್‌ನಿಂದ ಬರುವವು. ಇಂಡೆಕ್ಸ್‌ನೌ ಅಂತ ಒಂದು ವ್ಯವಸ್ಥೆಯನ್ನು ಬಿಂಗ್ ಮತ್ತು ರಷ್ಯಾದ ಸರ್ಚ್ ಎಂಜಿನ್ ಯಾಂಡೆಕ್ಸ್ ಸೇರಿ 2021ರಲ್ಲಿ ತಂದವು. ಪೋಸ್ಟ್ ಹಾಕಿದ ಕೂಡಲೇ, ತಿದ್ದಿದ ಕೂಡಲೇ ಅದು ಅವರಿಗೆ ತಿಳಿಸುತ್ತದೆ. ವರ್ಡ್‌ಪ್ರೆಸ್‌ಗೆ ಅದರ ಪ್ಲಗಿನ್ ಉಚಿತವಾಗಿ ಸಿಗುತ್ತದೆ. ಗೂಗಲ್ ಇದರಲ್ಲಿ ಸೇರಿಲ್ಲ, ಅಲ್ಲಿಗೆ ಸೈಟ್‌ಮ್ಯಾಪ್ ಮತ್ತು ಲಿಂಕುಗಳೇ ದಾರಿ.

ಜಾವಗಲ್‌ನ ಪುಟ ಇನ್ನೂ "ಕ್ರಾಲ್ಡ್" ಸಾಲಿನಲ್ಲೇ ಇದೆ. ಅಲ್ಲಿಯ ಲಕ್ಷ್ಮೀನರಸಿಂಹ ದೇವಸ್ಥಾನದ ಹೊರಗೋಡೆಯ ಶಿಲ್ಪಗಳನ್ನು ಒಂದೊಂದಾಗಿ ಗುರುತಿಸಿ ಬರೆಯುವ ಕೆಲಸ ನಡೆಯುತ್ತಿದೆ, ಮೇಷ್ಟ್ರು ಜೊತೆಗಿದ್ದಾರೆ. ಅದು ಮುಗಿದ ಮೇಲೆ ಪುಟವನ್ನು ಹೊಸದಾಗಿ ಹಾಕಿ, ಒಮ್ಮೆ ಮಾತ್ರ ರಿಕ್ವೆಸ್ಟ್ ಕೊಡುತ್ತೇನೆ.