ಟಿಬಿ ಗೋಲ್ಡ್ ಟೆಸ್ಟ್ ಬರೆದುಕೊಟ್ಟಿದ್ದಾರಾ?

ರಾಜಾಜಿನಗರದ ಸುತ್ತಮುತ್ತ ಮನೆಮನೆಗೆ ಹೋಗಿ ರಕ್ತ ತೆಗೆಯುವುದು ನನ್ನ ಕೆಲಸ. ಟಿಬಿ ಗೋಲ್ಡ್ ಅಂತ ಚೀಟಿ ಇದ್ದರೆ ಬಾಗಿಲಲ್ಲೇ ಕೇಳುತ್ತಾರೆ: "ನನಗೆ ಟಿಬಿ ಬಂದಿದೆಯಾ ಮೇಡಂ?" ಅದನ್ನು ಈ ಟೆಸ್ಟ್ ಹೇಳುವುದಿಲ್ಲ. ಟಿಬಿ ರೋಗಾಣು ಮೈಯೊಳಗೆ ಸೇರಿರಬಹುದಾ ಅಂತಷ್ಟೇ ತಿಳಿಯುತ್ತದೆ. ಅದು ಸುಮ್ನೆ ಮಲಗಿದೆಯೋ, ಎದ್ದು ರೋಗ ತಂದಿದೆಯೋ ಗೊತ್ತಾಗುವುದಿಲ್ಲ. 2 ವಾರಕ್ಕಿಂತ ಜಾಸ್ತಿ ಕೆಮ್ಮು, ಸಂಜೆ ಹೊತ್ತು ಜ್ವರ, ತೂಕ ಇಳಿಯುವುದು ಇದ್ದರೆ ಕಫ ಪರೀಕ್ಷೆ, ಎಕ್ಸ್‌ರೇ ಮೊದಲು ಆಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ರಕ್ತದ ರಿಪೋರ್ಟ್ ನೆಗೆಟಿವ್ ಬಂತು ಅಂತ ಕೆಮ್ಮನ್ನು ಕಡೆಗಣಿಸಬೇಡಿ.

ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದೇ ಕೂತುಕೊಳ್ಳಿ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ಹೇಳಿರಿ, ಸ್ಟೀರಾಯ್ಡ್ ಇದ್ದರಂತೂ ತಪ್ಪದೆ.

ನಾವು ತರುವುದು ನಾಲ್ಕು ಕೊಳವೆ: ಬೂದು, ಹಸಿರು, ಹಳದಿ, ನೇರಳೆ. ಒಂದೊಂದಕ್ಕೂ 1 ಮಿ.ಲೀ. ರಕ್ತ. ತುಂಬಿದ ಮೇಲೆ 10 ಸಲ ಚೆನ್ನಾಗಿ ಅಲ್ಲಾಡಿಸಬೇಕು, ಒಳಗೋಡೆಗೆಲ್ಲ ರಕ್ತ ಮೆತ್ತಿಕೊಳ್ಳುವ ಹಾಗೆ. ಹಸಿರು, ಹಳದಿ ಕೊಳವೆಯ ಗೋಡೆಗೆ ಟಿಬಿ ರೋಗಾಣುವಿನ ಪ್ರೋಟೀನ್ ತುಣುಕು ಹಚ್ಚಿರುತ್ತಾರೆ. ನೇರಳೆಯಲ್ಲಿರುವುದು ಯಾರ ರಕ್ತವನ್ನಾದರೂ ಕೆಣಕುವ ಪದಾರ್ಥ, ಟೆಸ್ಟ್ ಸರಿಯಾಗಿ ನಡೆದಿದೆಯಾ ಅಂತ ನೋಡಲು. ಬೂದಿನಲ್ಲಿ ಕೆಣಕುವಂಥದ್ದೇನೂ ಇಲ್ಲ, ಅದು ಹೋಲಿಸಿ ನೋಡಲು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಗುವಿನ ಕೊಳವೆಗಳನ್ನು ಮೆಲ್ಲಗೆ ತಿರುಗಿಸಿ ಇಟ್ಟುಬಿಟ್ಟಿದ್ದೆ. ನೇರಳೆಯೇ ಕೆಲಸ ಮಾಡಲಿಲ್ಲ. ರಿಪೋರ್ಟ್ 'ಇಂಡಿಟರ್ಮಿನೇಟ್' ಅಂತ ಬಂತು, ಅಂದರೆ ಪಾಸಿಟಿವೋ ನೆಗೆಟಿವೋ ಹೇಳಲಾಗದು ಅಂತ. ಆ ಪುಟ್ಟ ಕೈಗೆ ಮತ್ತೆ ಸೂಜಿ ಚುಚ್ಚಬೇಕಾಯಿತು. ಇವತ್ತಿಗೂ ಹತ್ತರವರೆಗೆ ಬಾಯಿಬಿಟ್ಟೇ ಎಣಿಸುತ್ತೇನೆ. ನಿಮ್ಮೆದುರು ಯಾರಾದರೂ ಅಲ್ಲಾಡಿಸದೆ ಚೀಲಕ್ಕೆ ಹಾಕಿದರೆ ಧೈರ್ಯವಾಗಿ ಕೇಳಿ.

ಈ ಕೊಳವೆಗಳಿಗೆ ಐಸ್ ಬೇಡ. 16 ಗಂಟೆಯೊಳಗೆ 37 ಡಿಗ್ರಿ ಇನ್‌ಕ್ಯುಬೇಟರ್ ಸೇರಿದರೆ ಸಾಕು, ಅಲ್ಲಿ 16ರಿಂದ 24 ಗಂಟೆ ಇರಬೇಕು. ನಮ್ಮ ಟ್ರಾಫಿಕ್ ಗೊತ್ತಲ್ವಾ, ಅದಕ್ಕೇ ಬೆಳಗಿನ ಹೊತ್ತೇ ಬುಕ್ ಮಾಡಿ. ಕೆಣಕಿದಾಗ ರಕ್ತಕಣಗಳು ಹೊರಬಿಡುವ ಇಂಟರ್‌ಫೆರಾನ್ ಗಾಮಾ ಅನ್ನುವ ಪದಾರ್ಥವನ್ನು ಆಮೇಲೆ ಅಳೆಯುತ್ತಾರೆ. ಬೂದು ಕೊಳವೆಯ ಲೆಕ್ಕ ಕಳೆದು ನೋಡುವಾಗ ಪಾಸಿಟಿವ್, ನೆಗೆಟಿವ್ ನಡುವಿನ ಗಡಿ 0.35. ಚಿಕ್ಕಂದಿನಲ್ಲಿ ಹಾಕಿಸಿದ ಬಿಸಿಜಿ ಲಸಿಕೆಯಿಂದ ಇದು ಪಾಸಿಟಿವ್ ಆಗುವುದಿಲ್ಲ. ಕೈಚರ್ಮಕ್ಕೆ ಚುಚ್ಚಿ ನೋಡುವ ಮ್ಯಾಂಟೂ ಟೆಸ್ಟಿನಲ್ಲಿ ಆ ಗೊಂದಲ ಉಂಟು.

ಟಿಬಿಗೆ ಅಂತ ಐಜಿಜಿ, ಐಜಿಎಂ (ರಕ್ತದಲ್ಲಿನ ಪ್ರತಿಕಾಯ ನೋಡುವ) ರಕ್ತಪರೀಕ್ಷೆ ಯಾರಾದರೂ ಹೇಳಿದರೆ ಬೇಡ ಅನ್ನಿ. ಆ ಕಿಟ್‌ಗಳನ್ನು ಸರ್ಕಾರ 2012ರಲ್ಲೇ ನಿಷೇಧಿಸಿದೆ.

ಪಾಸಿಟಿವ್ ಬಂದರೆ ಎಕ್ಸ್‌ರೇ ತೆಗೆಸಿ ರೋಗ ಇಲ್ಲ ಅಂತ ಖಚಿತ ಮಾಡಿಕೊಂಡ ಮೇಲೇ ಟಿಬಿ ಬಾರದಂತೆ ತಡೆಯುವ ಮಾತ್ರೆ. ಮನೆಯಲ್ಲಿ ಒಬ್ಬರಿಗೆ ಟಿಬಿ ಬಂದ ಹೊಸದರಲ್ಲೇ ನಿಮ್ಮದು ನೆಗೆಟಿವ್ ಬಂದರೆ, 8ರಿಂದ 10 ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ರಕ್ತದಲ್ಲಿ ಗುರುತು ಕಾಣಲು ಅಷ್ಟು ದಿನ ಹಿಡಿಯಬಹುದು.