ವಯಸ್ಸಾದ, ಹೆದರಿದ ನಾಯಿಗೆ ಆಸರೆಯಾಗುವುದು ಹೇಗೆ?

ಪ್ರಾಣಿ ಆಶ್ರಯ ಕೇಂದ್ರಗಳಲ್ಲಿ ಮರಿಗಳಿಗೆ ಬೇಗ ಮನೆ ಸಿಗುತ್ತದೆ. ಮೂತಿ ಬೆಳ್ಳಗಾದ ನಾಯಿಗಳು ಮಾತ್ರ ಹಾಗೇ ಉಳಿದುಬಿಡುತ್ತವೆ. ಸಾಕಿದವರು ವಿದೇಶಕ್ಕೆ ಹೋಗಿರುತ್ತಾರೆ, ಇಲ್ಲವೇ ತೀರಿಕೊಂಡಿರುತ್ತಾರೆ. ಕೆಲವನ್ನು ಮರಿ ಮಾರುವವರು ಮತ್ತೆ ಮತ್ತೆ ಮರಿ ಹಾಕಿಸಿ, ಇನ್ನು ಪ್ರಯೋಜನವಿಲ್ಲ ಎಂದು ಬೀದಿಗೆ ಬಿಟ್ಟಿರುತ್ತಾರೆ. ಸಾಕಿದ ಪ್ರಾಣಿಯನ್ನು ಹೀಗೆ ಹಸಿವು, ಬಾಯಾರಿಕೆಗೆ ದೂಡಿ ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಆದರೂ ನಡೆಯುತ್ತಲೇ ಇದೆ.

ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದ ನಾಯಿ ಇದ್ದಕ್ಕಿದ್ದಂತೆ ಹತ್ತಾರು ನಾಯಿಗಳು ಬೊಗಳುವ ಜಾಗಕ್ಕೆ ಬಂದರೆ ಹೆದರದೆ ಇರುತ್ತದಾ? ಅಂಥ ನಾಯಿಯನ್ನು ಕಾಯಂ ಮನೆ ಸಿಗುವ ತನಕ ನಿಮ್ಮ ಮನೆಯಲ್ಲಿಟ್ಟು ನೋಡಿಕೊಳ್ಳುವುದೇ ಫಾಸ್ಟರ್ ಮಾಡುವುದು. ನಾನು ಇದನ್ನು ಮಾಡುತ್ತಾ ಬಂದಿದ್ದೇನೆ. ನಾಯಿಯ ಭಯವನ್ನು ಪೂರ್ತಿ ಹೋಗಲಾಡಿಸುವುದು ಫಾಸ್ಟರ್ ಮಾಡುವವರ ಕೈಲಿಲ್ಲ. ಆ ನಾಯಿಗೆ ಏನು ಆಗಿಬರುತ್ತದೆ, ಏನು ಆಗಿಬರುವುದಿಲ್ಲ ಎಂದು ತಿಳಿದುಕೊಂಡು, ಮುಂದಿನ ಮನೆಯವರಿಗೆ ಒಂದನ್ನೂ ಮುಚ್ಚಿಡದೆ ಹೇಳುವುದು ಖಂಡಿತ ಆಗುತ್ತದೆ.

ಕರೆತರುವ ಮೊದಲು

ಮನೆಯಲ್ಲಿ ಎಲ್ಲರೂ ಒಪ್ಪಿರಬೇಕು. ಒಬ್ಬರು ಗೊಣಗುತ್ತಿದ್ದರೂ ನಾಯಿಗೆ ಗೊತ್ತಾಗುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಹತ್ತಿರ ಮೊದಲೇ ಮಾತಾಡಿ. ಅಪಾರ್ಟ್‌ಮೆಂಟ್ ಸಂಘದವರು ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೂ ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿಬಿಡಿ. ರಾತ್ರಿ ಊಳಿಟ್ಟರೆ ಅವರೂ ಸ್ವಲ್ಪ ತಡೆದುಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಯ ಮೂಲಕ ಹೋದರೆ ಒಳ್ಳೆಯದು. ಔಷಧಿ ಖರ್ಚು ಯಾರದು, ಡಾಕ್ಟರು ಯಾರು, ನಿಮ್ಮಿಂದ ಆಗದಿದ್ದರೆ ನಾಯಿಯನ್ನು ಯಾರು ವಾಪಸ್ ತೆಗೆದುಕೊಳ್ಳುತ್ತಾರೆ, ಇದನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳಿ.

ಮನೆಯಲ್ಲಿ ಜನ ಓಡಾಡದ ಒಂದು ಮೂಲೆ ಬೇಕು. ನುಣ್ಣನೆಯ ಟೈಲ್ಸ್ ಮೇಲೆ ಮುದಿ ನಾಯಿಯ ಹಿಂಗಾಲು ಜಾರುತ್ತದೆ. ಜಾರಿದರೆ ನೋವು, ನೋವಾದರೆ ಇನ್ನಷ್ಟು ಭಯ. ಮಲಗುವ ಜಾಗದಿಂದ ನೀರಿನ ಬೋಗುಣಿಯವರೆಗೆ, ಅಲ್ಲಿಂದ ಬಾಗಿಲಿನವರೆಗೆ ಗೋಣಿಚೀಲವನ್ನೋ ರಬ್ಬರ್ ಮ್ಯಾಟನ್ನೋ ಹಾಸಿ. ದುಬಾರಿ ಹಾಸಿಗೆ ಬೇಡ. ದಪ್ಪಗೆ ಮಡಚಿದ ಹಳೇ ಕಂಬಳಿ ಸಾಕು.

ಗೇಟ್ ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬಿಡಬೇಡಿ. ಹೆದರಿದ ನಾಯಿ ತಪ್ಪಿಸಿಕೊಂಡು ಓಡುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ. ಸಡಿಲವಾದ ಬೆಲ್ಟಿನಿಂದ ತಲೆ ಹಿಂದಕ್ಕೆಳೆದು ಕ್ಷಣದಲ್ಲಿ ಜಾರಿಕೊಳ್ಳುತ್ತದೆ. ಹಾಗಾಗಿ ಕೊರಳಿಗೆ ಬೆಲ್ಟ್, ಎದೆಗೆ ಸುತ್ತಿ ಕಟ್ಟುವ ಹಾರ್ನೆಸ್ ಎರಡೂ ಇರಲಿ. ಫೋನ್ ನಂಬರ್ ಕೆತ್ತಿಸಿದ ಬಿಲ್ಲೆಯನ್ನು ಮೊದಲ ದಿನವೇ ಕಟ್ಟಿ.

ಮೊದಲ ದಿನಗಳಲ್ಲಿ ಸುಮ್ನೆ ಬಿಡಿ

ಪ್ರೀತಿ ತೋರಿಸಬೇಕು ಅನ್ನುವ ಆಸೆ ಸಹಜ. ಆದರೆ ನೆಂಟರಿಷ್ಟರು ನೋಡಲು ಬರುವುದು, ಮಕ್ಕಳು ತಬ್ಬಿಕೊಳ್ಳುವುದು, ಬಂದ ದಿನವೇ ಸ್ನಾನ ಮಾಡಿಸುವುದು, ಯಾವುದೂ ಈಗ ಬೇಡ. ಮಂಚದ ಕೆಳಗೆ ಸೇರಿಕೊಂಡರೆ ಅಲ್ಲೇ ಇರಲಿ. ಎಳೆದು ತೆಗೆಯಬೇಡಿ. ನೀರು, ಊಟ ಅಲ್ಲಿಗೇ ಸರಿಸಿ.

ಎದುರಿಗೆ ನಿಂತು ಬಗ್ಗಿ ತಲೆ ಸವರುವುದು ನಮಗೆ ಮುದ್ದು, ಅದಕ್ಕೆ ಬೆದರಿಕೆ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು, ನಿಮ್ಮ ಪಾಡಿಗೆ ಪೇಪರ್ ಓದಿ. ಆಗಾಗ ಒಂದು ಚೂರು ಬೇಯಿಸಿದ ಕೋಳಿಯನ್ನೋ ಮೊಟ್ಟೆಯನ್ನೋ ಅದರ ಕಡೆ ಉರುಳಿಸಿ. ಅದೇ ಹತ್ತಿರ ಬಂದು ಮೂಸಿದರೂ ಕೈ ಚಾಚಬೇಡಿ. ಕೆಲವು ದಿನ ಬರೀ ಮೂಸಿ ಹೋಗಲಿ.

ಹಸಿವಿಲ್ಲದೆ ತುಟಿ ನೆಕ್ಕುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಗಣ್ಣಲ್ಲಿ ನೋಡುವುದು, ಸೆಕೆ ಇಲ್ಲದೆ ಏದುವುದು, ಇವೆಲ್ಲ ‘ಸ್ವಲ್ಪ ದೂರ ಇರಿ’ ಅನ್ನುವ ಮಾತು. ಗುರ್ ಅಂದರೆ ಬೈಯಬೇಡಿ. ಗುರುಗುಟ್ಟಿದ್ದಕ್ಕೆ ಏಟು ತಿಂದ ನಾಯಿ, ಮುಂದಿನ ಸಲ ಗುರುಗುಟ್ಟದೆ ಸೀದಾ ಕಚ್ಚಬಹುದು.

ಫಾಸ್ಟರ್ ಮಾಡುವವರು ಒಂದು ಲೆಕ್ಕ ಹೇಳುತ್ತಾರೆ: ಗಾಬರಿ ಇಳಿಯಲು 3 ದಿನ, ಮನೆಯ ರೀತಿ ತಿಳಿಯಲು 3 ವಾರ, ಇದು ನನ್ನ ಮನೆ ಅನ್ನಿಸಲು 3 ತಿಂಗಳು. ಇದು ಒಂದು ಅಂದಾಜು ಅಷ್ಟೆ. ಮುದಿ ನಾಯಿಗೆ ಇನ್ನೂ ಜಾಸ್ತಿ ಹಿಡಿಯಬಹುದು.

ಮನೆಯಲ್ಲಿ ಬೇರೆ ನಾಯಿ ಇದ್ದರೆ ಮೊದಲು ಬೇರೆ ಬೇರೆ ಕೋಣೆಯಲ್ಲಿಡಿ. ಆಮೇಲೆ ಮನೆಯ ಹೊರಗೆ, ಎರಡನ್ನೂ ದೂರದೂರದಲ್ಲಿ ನಡೆಸುತ್ತಾ ಪರಿಚಯ ಮಾಡಿಸಿ. ಊಟ ಮಾತ್ರ ಯಾವಾಗಲೂ ಬೇರೆ ಬೇರೆ ಕಡೆ.

ಭಯವೋ, ನೋವೋ?

ವಯಸ್ಸಾದ ನಾಯಿಯ ಭಯದ ಹಿಂದೆ ಬಹಳ ಸಲ ನೋವಿರುತ್ತದೆ. ಸೊಂಟ ಮುಟ್ಟಿದರೆ ಕಚ್ಚಲು ಬರುವ ನಾಯಿಗೆ ಕೀಲುನೋವಿರಬಹುದು. ಹಿಂದಿನಿಂದ ಹೋದರೆ ಬೆಚ್ಚುವುದಕ್ಕೆ ಕಿವಿ ಕೇಳದಿರುವುದು ಕಾರಣವಾಗಿರಬಹುದು. ತಟ್ಟೆಯ ಹತ್ತಿರ ಬಂದು ವಾಪಸ್ ಹೋಗುತ್ತಿದ್ದರೆ ಹಲ್ಲು ನೋಡಿಸಿ.

ಹಾಗಾಗಿ ತರಬೇತುದಾರರಿಗಿಂತ ಮೊದಲು ಡಾಕ್ಟರಿಗೆ ತೋರಿಸಿ. ರಕ್ತ ಪರೀಕ್ಷೆಯಲ್ಲಿ ಕಿಡ್ನಿ, ಲಿವರ್, ಸಕ್ಕರೆ ನೋಡಲು ಹೇಳಿ. ನಮ್ಮ ಕಡೆ ರಕ್ತ ಹೀರುವ ಉಣ್ಣಿಯ ಕಾಟ ಜಾಸ್ತಿ. ಹಾಗಾಗಿ ಅದರಿಂದ ಬರುವ ಟಿಕ್ ಫೀವರ್ ಪರೀಕ್ಷೆ ಬಿಡಬೇಡಿ. ಹೃದಯ, ಕಣ್ಣು, ಹಲ್ಲು, ಕೀಲು ಎಲ್ಲ ನೋಡಿಸಿ. ರೇಬೀಸ್ ಲಸಿಕೆಯ ದಾಖಲೆ ಇಲ್ಲದಿದ್ದರೆ ಹಾಕಿಸಿಬಿಡಿ. ಖಾಸಗಿ ಕ್ಲಿನಿಕ್ ದುಬಾರಿ ಅನ್ನಿಸಿದರೆ ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ರಾತ್ರಿಯಿಡೀ ಅತ್ತಿತ್ತ ಸುತ್ತುವುದು, ಮೂಲೆಗೆ ಹೋಗಿ ಸಿಕ್ಕಿಕೊಂಡಂತೆ ನಿಲ್ಲುವುದು, ಗೋಡೆ ನೋಡುತ್ತಾ ನಿಂತುಬಿಡುವುದು, ಇವು ವಯಸ್ಸಾದ ನಾಯಿಗೆ ಬರುವ ಮರೆವಿನ ಕಾಯಿಲೆಯ ಲಕ್ಷಣ ಇರಬಹುದು. ಮೊಬೈಲಿನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಕ್ಲಿನಿಕ್ಕಿನಲ್ಲಿ ಅದು ಹಾಗೆ ಮಾಡುವುದೇ ಇಲ್ಲ.

ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೇನ್ ಮಾತ್ರ ಎಂದೂ ಕೊಡಬೇಡಿ. ಅವು ನಾಯಿಯ ಲಿವರ್, ಹೊಟ್ಟೆ, ಕಿಡ್ನಿಯನ್ನು ಕೆಡಿಸುತ್ತವೆ, ಜೀವವೂ ಹೋಗಬಹುದು.

ದಿನಗಳು ಒಂದೇ ಥರ ಇರಲಿ

ಏಳುವುದು, ಊಟ, ವಾಕಿಂಗ್, ಮಲಗುವುದು ಎಲ್ಲ ಗೊತ್ತಾದ ಹೊತ್ತಿಗೆ ಆಗಲಿ. ಮುಂದೇನು ಅಂತ ಗೊತ್ತಿದ್ದರೆ ಹೆದರಿದ ನಾಯಿಗೆ ಅರ್ಧ ಸಮಾಧಾನ. ವಾಕಿಂಗ್ ಚಿಕ್ಕದಿರಲಿ, ಅದು ಮೂಸುವಷ್ಟು ಹೊತ್ತು ಮೂಸಲಿ. ಮುದಿ ನಾಯಿಗೆ ಪದೇ ಪದೇ ಉಚ್ಚೆಗೆ ಹೋಗಬೇಕಾಗುತ್ತದೆ. ಮನೆಯೊಳಗೆ ಮಾಡಿಬಿಟ್ಟರೆ ಗದರದೆ ಒರೆಸಿ.

ಹಿಂದೆ ತಿನ್ನುತ್ತಿದ್ದ ಆಹಾರವನ್ನು ಒಮ್ಮೆಲೇ ಬದಲಾಯಿಸಬೇಡಿ. ವಾರವಿಡೀ ಸ್ವಲ್ಪ ಸ್ವಲ್ಪವೇ ಹೊಸದನ್ನು ಬೆರೆಸಿ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ವಿಷ. ಹಬ್ಬದ ದಿನ ಪಾಯಸ, ಕೇಸರಿಬಾತ್ ಒಂದು ಚಮಚ ಹಾಕುವ ಅಜ್ಜಿಯರಿಗೆ ಇದನ್ನು ಮೊದಲೇ ಹೇಳಿಡಿ.

ಒಂಟಿಯಾಗಿರುವುದನ್ನು ನಿಧಾನವಾಗಿ ಕಲಿಸಬೇಕು. ಚಪ್ಪಲಿ ಹಾಕಿಕೊಂಡು, ಬೀಗದ ಕೈ ತೆಗೆದುಕೊಂಡು, ಎಲ್ಲಿಗೂ ಹೋಗದೆ ಮತ್ತೆ ಕೂತುಬಿಡಿ. ಆ ಸದ್ದಿಗೆ ಅದು ಗಾಬರಿಯಾಗುವುದು ನಿಂತ ಮೇಲೆ ಒಂದು ನಿಮಿಷ ಆಚೆ ಹೋಗಿ ಬನ್ನಿ. ಆಮೇಲೆ ಐದು, ಹತ್ತು. ಹೋಗುವಾಗ ಬರುವಾಗ ದೊಡ್ಡ ಮುದ್ದು ಬೇಡ.

ದೀಪಾವಳಿ ಹತ್ತಿರವಿದ್ದರೆ ಪಟಾಕಿಯ ವಿಷಯ ಡಾಕ್ಟರ ಹತ್ತಿರ ಎರಡು ಮೂರು ವಾರ ಮುಂಚೆಯೇ ಮಾತಾಡಿ. ಕೆಲವು ಮಾತ್ರೆಗಳು ಮೈಯನ್ನು ಮಂಕಾಗಿಸುತ್ತವೆ, ಒಳಗಿನ ಭಯ ಹಾಗೇ ಇರುತ್ತದೆ. ಭಯವನ್ನೇ ಕಡಿಮೆ ಮಾಡುವ ಔಷಧಿಗಳೂ ಇವೆ. ಯಾವುದು ಸರಿ ಎಂದು ಅವರೇ ಹೇಳಬೇಕು. ಹೆದರಿ ನಿಮ್ಮ ಹತ್ತಿರ ಬಂದರೆ ತಬ್ಬಿ ಸಮಾಧಾನ ಮಾಡಿ. ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು.

ಒಂದು ನೋಟ್‌ಬುಕ್ ಇಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ನಮ್ಮಲ್ಲಿದ್ದ ಒಂದು ಮುದಿ ಪಾಮೇರಿಯನ್ ಸ್ಟೀಲ್ ತಟ್ಟೆಯಲ್ಲಿ ಹಾಕಿದರೆ ತಿನ್ನುತ್ತಿರಲಿಲ್ಲ. ಬಗ್ಗಿದಾಗ ಕೊರಳಿನ ಬಿಲ್ಲೆ ತಟ್ಟೆಗೆ ತಗಲಿ ಠಣ್ ಅನ್ನುತ್ತಿತ್ತು, ಅದು ಬೆಚ್ಚಿ ಹಿಂದೆ ಸರಿಯುತ್ತಿತ್ತು. ಪ್ಲಾಸ್ಟಿಕ್ ಬೋಗುಣಿಯಲ್ಲಿ ಅದೇ ಅನ್ನ, ಅದೇ ಮೊಸರು ಹಾಕಿದರೆ ನೆಕ್ಕಿ ಖಾಲಿ ಮಾಡುತ್ತಿತ್ತು. ಇಷ್ಟು ಗೊತ್ತಿಲ್ಲದಿದ್ದರೆ ಹೊಸ ಮನೆಯವರು ‘ಊಟ ಬಿಟ್ಟಿದೆ’ ಅಂತ ಹೆದರಿ ವಾಪಸ್ ತಂದುಬಿಡುತ್ತಾರೆ.

ಕುಕ್ಕರ್ ಕೂಗಿದರೆ ಏನು ಮಾಡುತ್ತದೆ, ಗಂಡಸರನ್ನು ಕಂಡರೆ ಹೇಗೆ, ಯಾವ ಕಿವಿ ಮುಟ್ಟಿಸಿಕೊಳ್ಳುವುದಿಲ್ಲ, ಮಾತ್ರೆ ಯಾವುದರಲ್ಲಿ ಇಟ್ಟರೆ ನುಂಗುತ್ತದೆ, ಎಲ್ಲ ಬರೆಯಿರಿ. ನಿದ್ದೆಯಲ್ಲಿರುವಾಗ ನಿಮಿಷಕ್ಕೆ ಎಷ್ಟು ಸಲ ಎದೆ ಏರಿ ಇಳಿಯುತ್ತದೆ ಎಂದೂ ಎಣಿಸಿ. ಪದೇ ಪದೇ 30ಕ್ಕಿಂತ ಜಾಸ್ತಿ ಇದ್ದರೆ ಡಾಕ್ಟರಿಗೆ ಹೇಳಿ.

ಮನೆ ಹುಡುಕುವುದು

ವಾಟ್ಸ್ಆ್ಯಪ್ ಗುಂಪಿಗೆ, ಇನ್‌ಸ್ಟಾಗ್ರಾಮಿಗೆ ಹಾಕುವ ಫೋಟೊ ಬೆಳಕಿನಲ್ಲಿ, ನಾಯಿಯ ಕಣ್ಣಿನ ಮಟ್ಟದಲ್ಲಿ ತೆಗೆದದ್ದಾಗಿರಲಿ. ವಯಸ್ಸು, ಕಾಯಿಲೆ, ತಿಂಗಳ ಔಷಧಿ ಖರ್ಚು, ಭಯ, ಎಲ್ಲ ಸ್ಪಷ್ಟವಾಗಿ ಬರೆಯಿರಿ. ಕನಿಕರ ಹುಟ್ಟಿಸಲೆಂದು ‘ಇಂದೇ ಕರೆದೊಯ್ಯದಿದ್ದರೆ ಸಾಯುತ್ತದೆ’ ಎಂದು ಬರೆಯುವುದು ನನಗೆ ಇಷ್ಟವಿಲ್ಲ. ಆ ಕ್ಷಣದ ಕನಿಕರಕ್ಕೆ ಬಂದವರು ಎರಡೇ ವಾರಕ್ಕೆ ಸುಸ್ತಾಗುತ್ತಾರೆ.

ದೊಡ್ಡ ಅಂಗಳ ಇರಲೇಬೇಕು ಅಂತಿಲ್ಲ. ಗಲಾಟೆ ಇಲ್ಲದ, ದಿನವೆಲ್ಲ ಯಾರಾದರೂ ಇರುವ ಮನೆ ಬೇಕು. ನಿವೃತ್ತರಾದ ದಂಪತಿಯ ಪುಟ್ಟ ಫ್ಲ್ಯಾಟ್ ಇಂಥ ನಾಯಿಗೆ ಚೆನ್ನಾಗಿ ಒಗ್ಗಬಹುದು. ಕೇಳಬೇಕಾದ್ದನ್ನು ಸಂಕೋಚವಿಲ್ಲದೆ ಕೇಳಿ: ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ರಾತ್ರಿ ಎಲ್ಲಿ ಮಲಗಿಸುತ್ತೀರಿ? ಹಿಂದಿನ ನಾಯಿ ಏನಾಯಿತು? ‘ಮನೆ ಕಾಯಲು ಬೇಕಿತ್ತು’ ಅನ್ನುವವರಿಗೆ ಕೈಮುಗಿದು ಇಲ್ಲ ಅನ್ನಿ. ಒಮ್ಮೆ ಅವರ ಮನೆಗೂ ಹೋಗಿ ಬನ್ನಿ. ಬಾಲ್ಕನಿಯ ಗ್ರಿಲ್, ಮೆಟ್ಟಿಲು, ನೆಲ ನೋಡಿ.

ಒಪ್ಪಿಸುವಾಗ

ಒಂದೇ ದಿನದಲ್ಲಿ ಒಪ್ಪಿಸಬೇಡಿ. ಮೊದಲು ಅವರು ನಿಮ್ಮ ಮನೆಗೆ ಎರಡು ಮೂರು ಸಲ ಬರಲಿ, ಅವರ ಕೈಯಿಂದಲೇ ಊಟ ಹಾಕಿಸಿ. ಆಮೇಲೆ ನಾಯಿಯನ್ನು ಅವರ ಮನೆಗೆ ಒಂದು ಮಧ್ಯಾಹ್ನ ಕರೆದೊಯ್ದು ವಾಪಸ್ ಬನ್ನಿ. ಕೊನೆಗೆ ಕಳಿಸುವಾಗ ಅದರ ಕಂಬಳಿಯನ್ನು ಒಗೆಯದೆ ಕೊಡಿ, ಅದರದೇ ವಾಸನೆ ಇರಬೇಕು. ಜೊತೆಗೆ ಅದೇ ಬೋಗುಣಿ, ಎರಡು ವಾರದ ಔಷಧಿ, ಲಸಿಕೆ ಪುಸ್ತಕ, ನೋಟ್‌ಬುಕ್. ದತ್ತು ಪತ್ರದಲ್ಲಿ ಒಂದು ಸಾಲು ಇರಲೇಬೇಕು: ಹೊಂದಿಕೆಯಾಗದಿದ್ದರೆ ಬೇರೆ ಯಾರಿಗೂ ಕೊಡದೆ ನಿಮಗೋ ಸಂಸ್ಥೆಗೋ ವಾಪಸ್ ಕೊಡಬೇಕು.

ಮೊದಲ ವಾರ ದಿನಾ ಫೋನ್ ಮಾಡಿ ಕೇಳಿ, ಆದರೆ ಕೆಲವು ವಾರ ನೋಡಲು ಹೋಗಬೇಡಿ. ನಿಮ್ಮನ್ನು ಕಂಡರೆ ಬಾಗಿಲಲ್ಲೇ ಕಾಯುತ್ತಾ ಕೂರಬಹುದು. ಕಷ್ಟವಾಗುತ್ತದೆ, ಅಳುವೂ ಬರುತ್ತದೆ. ವಿಡಿಯೊ ಕಳಿಸಲು ಹೇಳಿ. ಊಟ ಮಾಡುವುದು, ಅಡ್ಡ ಬಿದ್ದು ಕಾಲು ಚಾಚಿ ಮಲಗುವುದು ಕಾಣಿಸಿದರೆ ಹೊಂದಿಕೊಳ್ಳುತ್ತಿದೆ ಎಂದು ತಿಳಿಯಿರಿ. ಒಂದು ದಿನ ಪೂರ್ತಿ ನೀರು ಕುಡಿಯದಿದ್ದರೆ, ಇಲ್ಲವೇ ಎರಡು ದಿನವಾದರೂ ಊಟ ಮುಟ್ಟದಿದ್ದರೆ ಕಾಯದೆ ಡಾಕ್ಟರ ಹತ್ತಿರ ಕರೆದೊಯ್ಯಲು ಹೇಳಿ.