ಮಳೆಗಿಂತ ಪೈಪಿನ ನೀರೇ ಜೋರು: ಇ-ಸ್ಕೂಟರ್ ಕಾಪಾಡಿಕೊಳ್ಳುವುದು ಹೇಗೆ?

ಮಳೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಓಡಿಸಿದರೆ ಶಾಕ್ ಹೊಡೆಯುತ್ತಾ? ನನ್ನನ್ನು ಇದನ್ನು ಕೇಳದವರೇ ಕಡಿಮೆ. ಗಾಡಿ ಸರಿಯಾಗಿದ್ದರೆ ಆ ಭಯ ಬೇಡ. ಬ್ಯಾಟರಿ, ಮೋಟಾರಿಗೆ ಹೋಗುವ ಕರೆಂಟ್ ನಿಯಂತ್ರಿಸುವ ಕಂಟ್ರೋಲರ್ ಎಲ್ಲ ಮುಚ್ಚಿದ ಡಬ್ಬಿಯೊಳಗಿರುತ್ತವೆ. ಮೇಲಿಂದ ಸುಮ್ನೆ ಬೀಳುವ ಮಳೆಯಿಂದ ತೊಂದರೆ ಕಡಿಮೆ. ಒತ್ತಡದಿಂದ ನುಗ್ಗುವ ನೀರು, ಚಕ್ರ ಮುಳುಗುವಷ್ಟು ನಿಂತ ನೀರು, ಇವೆರಡೇ ಗಾಡಿ ಕೆಡಿಸೋದು.

ಮೊದಲು ಮ್ಯಾನುಯಲ್ ತೆಗೆದು ಐಪಿ ರೇಟಿಂಗ್ ನೋಡಿ, ಅಂದರೆ ಧೂಳು, ನೀರನ್ನು ಎಷ್ಟರ ಮಟ್ಟಿಗೆ ತಡೆಯುತ್ತದೆ ಅಂತ ಹೇಳುವ ನಂಬರು. ಐಪಿ67 ಅಂದರೆ 6 ಧೂಳಿನದು, 7 ನೀರಿನದು. ನೀರಿನ ಅಂಕಿ 4 ಇದ್ದರೆ ಯಾವ ದಿಕ್ಕಿನಿಂದ ನೀರು ಎರಚಿದರೂ ತಡೆಯುತ್ತದೆ, 5 ಇದ್ದರೆ ಪೈಪಿನ ಧಾರೆ, 7 ಇದ್ದರೆ 1 ಮೀಟರ್ ಆಳದಲ್ಲಿ 30 ನಿಮಿಷ. ಇಲ್ಲೊಂದು ತಮಾಷೆ ಇದೆ. 7 ಪಾಸಾದದ್ದು 5 ಕೂಡ ಪಾಸಾಗಿರಲೇಬೇಕು ಅಂತಿಲ್ಲ, ಯಾಕೆಂದರೆ ಮುಳುಗಿಸುವ ಪರೀಕ್ಷೆಯೇ ಬೇರೆ, ಧಾರೆ ಹೊಡೆಯುವ ಪರೀಕ್ಷೆಯೇ ಬೇರೆ. ಜೊತೆಗೆ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಿದ ನಂಬರು ಎಷ್ಟೋ ಸಲ ಬ್ಯಾಟರಿಯದು ಮಾತ್ರ. ಡಿಸ್‌ಪ್ಲೇ, ಸ್ವಿಚ್, ಚಾರ್ಜಿಂಗ್ ಪೋರ್ಟ್ ಕಥೆ ಬೇರೆ ಇರಬಹುದು. ಆ ಪರೀಕ್ಷೆ ಮಾಡಿದ್ದು ಹೊಸ ಭಾಗದ ಮೇಲೆ. ಮೂರು ವರ್ಷ ಬಿಸಿಲು ತಿಂದ ನಿಮ್ಮ ಗಾಡಿಯ ರಬ್ಬರ್ ಸೀಲ್‌ಗೆ ಆ ಸರ್ಟಿಫಿಕೇಟ್ ಗೊತ್ತಿಲ್ಲ, ಅಲ್ವಾ?

ಹಾಗಾಗಿ ಮಳೆಗಾಲಕ್ಕೆ ಮುಂಚೆ ಚಾರ್ಜಿಂಗ್ ಪೋರ್ಟಿನ ಮುಚ್ಚಳ ಗಟ್ಟಿಯಾಗಿ ಕೂರುತ್ತದಾ, ಸೀಟಿನ ಕೆಳಗಿನ ರಬ್ಬರ್ ಬೀಡಿಂಗ್ ಬಿರುಕು ಬಿಟ್ಟಿದೆಯಾ, ಯಾವುದಾದರೂ ವೈರ್ ಸಿಪ್ಪೆ ಸುಲಿದಿದೆಯಾ ನೋಡಿ. ಟೈರ್ ಸವೆದಿದ್ದರೆ ಬದಲಾಯಿಸಿ. ಅದರಲ್ಲಿ ಚರ್ಚೆಯಿಲ್ಲ.

ಓಡಿಸುವಾಗ ಎಳೆತ ಕಡಿಮೆ ಇರುವ ಇಕೋ ಮೋಡ್ ಸಾಕು. ಮೋಟಾರಿನ ಎಳೆತ ಥಟ್ಟನೆ ಬರುತ್ತದೆ, ಒದ್ದೆ ರಸ್ತೆಯಲ್ಲಿ, ಅದರಲ್ಲೂ ಬಣ್ಣದ ಪಟ್ಟಿ, ಕಬ್ಬಿಣದ ಮುಚ್ಚಳಗಳ ಮೇಲೆ, ಹಿಂದಿನ ಚಕ್ರ ಜಾರಿಬಿಡುತ್ತದೆ. ರೀಜೆನ್, ಅಂದರೆ ವೇಗ ಇಳಿಯುವಾಗ ಮೋಟಾರೇ ಬ್ರೇಕಿನಂತೆ ಹಿಡಿದು ಬ್ಯಾಟರಿಗೆ ಚಾರ್ಜ್ ತುಂಬುವ ವ್ಯವಸ್ಥೆ, ಕಡಿಮೆ ಮಾಡುವ ಆಯ್ಕೆ ಇದ್ದರೆ ಕಡಿಮೆ ಇಡಿ. ಥ್ರಾಟಲ್ ಬಿಟ್ಟ ಕೂಡಲೇ ಚಕ್ರ ಹಿಡಿದಂತಾಗುವುದು ಅದರಿಂದಲೇ.

ನೀರು ನಿಂತ ಕಡೆ ಸುತ್ತು ಹಾಕಿದರೂ ಪರವಾಗಿಲ್ಲ, ಬೇರೆ ದಾರಿ ಹಿಡಿಯಿರಿ. ಹಬ್ ಮೋಟಾರ್ ಇರುವ ಗಾಡಿಯಲ್ಲಿ ಮೋಟಾರ್ ಇರುವುದು ಚಕ್ರದ ನಡುವೆಯೇ. ಓಡಿ ಓಡಿ ಬಿಸಿಯಾದ ಮೋಟಾರ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಆ ಖಾಲಿ ಜಾಗ ತುಂಬಲು ಸೀಲ್ ಸಂದಿಯಿಂದ, ವೈರ್ ಹೋಗುವ ತೂತಿನಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆ ದಿನ ಏನೂ ಗೊತ್ತಾಗುವುದಿಲ್ಲ. ಆಮೇಲೆ ಬೇರಿಂಗ್ ತುಕ್ಕು ಹಿಡಿದು ಕಿರ್ರ್ ಅಂದಾಗ ನೆನಪಾಗುತ್ತದೆ.

ಮನೆಗೆ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ಪೋರ್ಟ್ ಪೂರ್ತಿ ಒಣಗಲಿ. ಹೇರ್ ಡ್ರೈಯರ್ ಬಿಸಿ ಬೇಡ, ಫ್ಯಾನ್ ಗಾಳಿ ಸಾಕು. ಗಾಡಿ ಮಳೆ ತಡೆದರೂ ಚಾರ್ಜರ್ ತಡೆಯುತ್ತೆ ಅಂದುಕೊಳ್ಳಬೇಡಿ, ಅದನ್ನು ನೆಲದ ಮೇಲಿಡದೆ ಎತ್ತರದಲ್ಲಿ, ಒಣ ಜಾಗದಲ್ಲಿ ಇಡಿ. ಒದ್ದೆ ಗಾಡಿಗೆ ಪ್ಲಾಸ್ಟಿಕ್ ಹೊದಿಕೆ ಬಿಗಿದರೆ ಒಳಗೇ ಬೆವರುತ್ತದೆ, ಒಣಗಿದ ಮೇಲೆ ಹೊದಿಸಿ.

ತೊಳೆಯುವ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಇಡೀ ಮಳೆಗಾಲ ಏನೂ ಆಗದ ಗಾಡಿಗೆ ಒಂದು ಭಾನುವಾರ ಪ್ರೆಷರ್ ಪೈಪ್ ಹಿಡಿದೆ, ಮರುದಿನ ಡಿಸ್‌ಪ್ಲೇ ಒಳಗೆ ಮಂಜು ಕಟ್ಟಿತ್ತು. ಈಗ ಬಕೆಟ್, ಬಟ್ಟೆ ಅಷ್ಟೇ.

ಕೊನೆಯದಾಗಿ, ಬ್ಯಾಟರಿ ಮಟ್ಟಕ್ಕೆ ಗಾಡಿ ಮುಳುಗಿದ್ದರೆ ಆನ್ ಮಾಡಲೇಬೇಡಿ, ಚಾರ್ಜ್ ಅಂತೂ ಬೇಡವೇ ಬೇಡ. ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಹೋದ ಲಿಥಿಯಂ ಬ್ಯಾಟರಿ ಎಷ್ಟೋ ದಿನ ಕಳೆದ ಮೇಲೂ ಹೊತ್ತಿಕೊಳ್ಳಬಹುದು, ಉಪ್ಪುನೀರಾಗಿದ್ದರೆ ಅಪಾಯ ಇನ್ನೂ ಜಾಸ್ತಿ. ಗೋಡೆಯಿಂದ, ಬೇರೆ ಗಾಡಿಗಳಿಂದ ದೂರ, ಬಯಲಲ್ಲಿ ನಿಲ್ಲಿಸಿ. ಸರ್ವೀಸ್ ಸೆಂಟರಿಗೆ ಓಡಿಸಿಕೊಂಡು ಹೋಗಬೇಡಿ, ವಿಷಯ ಹೇಳಿ ಟೋ ವಾಹನ ಕರೆಸಿ.